ಅಟ್ಟದಿಂದ ಇಳಿದ ಕರಿ ಪಾತ್ರೆಯ ಜಾತಕ

ಬಣಕಲ್ ಕಡೆಯ ಒಂದು ತೋಟದ ಮನೆಯ ಅಟ್ಟದಿಂದ ಒಂದು ಪಾತ್ರೆ ಕೆಳಗಿಳಿದಿದೆ. ಅದರ ಫೋಟೋ ನನಗೆ ಬಂದಿದೆ. ಕಪ್ಪು ಮೈ, ಮೈತುಂಬ ಬೆಳ್ಳಿಯ ಹೂಬಳ್ಳಿ. ಕುತ್ತಿಗೆ ಸಣ್ಣದು, ಬುಡ ಅಗಲ, ದೇವಸ್ಥಾನದ ಗಂಟೆಯನ್ನು ನೆಲದ ಮೇಲೆ ಕೂರಿಸಿದ ಹಾಗಿದೆ. ಮನೆಯವರು ಹೂದಾನಿ ಅಂದುಕೊಂಡಿದ್ದರಂತೆ. ಸುದ್ದಿ ಹಬ್ಬಿದ ಮೇಲೆ ಇಬ್ಬರು ಬಂದರಂತೆ. ಒಬ್ಬ ಗುಜರಿಯವನು, ತೂಕದ ಲೆಕ್ಕದಲ್ಲಿ ಕೊಡಿ ಅಂದ. ಇನ್ನೊಬ್ಬ ಇಸ್ತ್ರಿ ಅಂಗಿಯವನು. 'ಇದು ಬಹಮನಿ ಸುಲ್ತಾನರ ಕಾಲದ್ದು, ಆರುನೂರು ವರ್ಷ ಹಳೇದು, ಕೋಟಿ ಬಾಳುತ್ತೆ. ಕಾರ್ಬನ್ ಪರೀಕ್ಷೆಗೆ ಮೊದಲು ಸ್ವಲ್ಪ ದುಡ್ಡು ಕಟ್ಟಿ' ಅಂದ.

ನೋಡಿ, ಇಬ್ಬರದ್ದೂ ಸುಳ್ಳು. ಮೊದಲನೆಯವನು ಇತಿಹಾಸವನ್ನು ಕೆಜಿ ಲೆಕ್ಕದಲ್ಲಿ ತೂಗಿದ. ಎರಡನೆಯವನು ಇಲ್ಲದ ಇತಿಹಾಸವನ್ನು ಮಾರೋಕೆ ಬಂದ. ಕಾರ್ಬನ್ ಪರೀಕ್ಷೆ ನಡೆಯೋದು ಒಂದು ಕಾಲದಲ್ಲಿ ಜೀವ ಇದ್ದ ವಸ್ತುವಿಗೆ: ಮರ, ಮೂಳೆ, ಬಟ್ಟೆ, ಇದ್ದಿಲು. ಸತುವಿಗೂ ಹಿತ್ತಾಳೆಗೂ ಅದರಿಂದ ವಯಸ್ಸು ಹೇಳೋಕೆ ಆಗಲ್ಲ. ಅದಕ್ಕೆ ದುಡ್ಡು ಕೇಳಿದವನನ್ನು ಗೇಟಿನಿಂದಲೇ ಕಳಿಸಿ.

ಹಾಗಾದರೆ ವಯಸ್ಸು ತಿಳಿಯೋದು ಹೇಗೆ? ಪಾತ್ರೆಯನ್ನೇ ಕೇಳಬೇಕು. ಮೂರು ಪ್ರಶ್ನೆ ಸಾಕು.

ಮೊದಲ ಪ್ರಶ್ನೆ, ನೀನು ಯಾವ ಲೋಹ? ಕಪ್ಪು ಮೈಯಲ್ಲಿ ಬೆಳ್ಳಿ ಕೂತಿದ್ದರೆ ಅದು ಬಿದರಿ ಕೆಲಸ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ, ಸಾಮಾನ್ಯವಾಗಿ ಹದಿನಾರಕ್ಕೆ ಒಂದು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ನಮ್ಮ ಅಡಿಕೆ ತೋಟಕ್ಕೆ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ. ಆ ಕಪ್ಪಿನ ಮೇಲೆ ಚಿತ್ರ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ಮೈಗೆಲ್ಲ ಉಜ್ಜುತ್ತಾರೆ. ಕಲಾಯಿಯವರು ಬಳಸುವ ನವಸಾಗರವೇ. ಸತು ಕಪ್ಪಾಗುತ್ತೆ, ಬೆಳ್ಳಿ ಹೊಳೆಯುತ್ತಲೇ ಇರುತ್ತೆ. ಇಡೀ ವಿದ್ಯೆ ಇರೋದು ಈ ಒಂದು ವ್ಯತ್ಯಾಸದಲ್ಲಿ.

ಆದರೆ ಬಿದರಿ ಅಂದ ಮಾತ್ರಕ್ಕೆ ಬೀದರ್‌ನಲ್ಲೇ ಆಗಿದ್ದು ಅನ್ನೋ ಹಾಗಿಲ್ಲ. ಈ ಕೆಲಸ ಹೈದರಾಬಾದ್, ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾದಲ್ಲೂ ನಡೆಯುತ್ತಿತ್ತು. ಊರಿನ ಹೆಸರು ಕೆಲಸಕ್ಕೆ ಅಂಟಿಕೊಂಡಿತು, ಕೆಲಸ ಊರು ದಾಟಿ ಹೋಯಿತು. ಯಾವ ಊರಿನದ್ದು ಅಂತ ಹೇಳೋಕೆ ಹೂವಿನ ವಿನ್ಯಾಸ, ಬೆಳ್ಳಿ ಕೂರಿಸಿದ ರೀತಿ ನೋಡಿದ ಪಳಗಿದ ಕಣ್ಣೇ ಬೇಕು.

ಎರಡನೇ ಪ್ರಶ್ನೆ, ನೀನು ಇದ್ದದ್ದು ಏತಕ್ಕೆ? ಇಲ್ಲೇ ಆ ಇಸ್ತ್ರಿ ಅಂಗಿಯವನು ಸಿಕ್ಕಿಬೀಳೋದು. ಇದು ಹೂದಾನಿಯಲ್ಲ ಸ್ವಾಮಿ, ಹುಕ್ಕಾದ ಬುಡ, ಹೊಗೆ ಹಾದು ಬರುವ ನೀರಿನ ಪಾತ್ರೆ. ಹುಕ್ಕಾಗೆ ಬೇಕಾದ್ದು ಹೊಗೆಸೊಪ್ಪು. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದದ್ದು. ಅಕ್ಬರನ ದರಬಾರಿಗೆ ಅದನ್ನು ಒಯ್ದವನು ಅಸದ್ ಬೇಗ್, 17ನೇ ಶತಮಾನ ಇನ್ನೂ ಶುರುವಾಗಿದ್ದಾಗ. ಒಯ್ದದ್ದು ಎಲ್ಲಿಂದ? ನಮ್ಮ ಬಿಜಾಪುರದಿಂದ! ಬಹಮನಿ ರಾಜ್ಯ ಮುಗಿದದ್ದು 16ನೇ ಶತಮಾನದ ಮೊದಲರ್ಧದಲ್ಲಿ. ಹೊಗೆಸೊಪ್ಪು ಬರೋಕೆ ಮೊದಲೇ ಹೋದ ಸುಲ್ತಾನರು ಹುಕ್ಕಾ ಸೇದಿದ್ದು ಹೇಗೆ? ಇಷ್ಟು ಕೇಳಿದರೆ ಸಾಕು, ಆರುನೂರು ವರ್ಷದಲ್ಲಿ ಇನ್ನೂರು ಅಲ್ಲೇ ಉದುರುತ್ತೆ.

ಮೂರನೇ ಪ್ರಶ್ನೆ, ನಿನ್ನ ಆಕಾರ ಏನು? ಹಳೇ ಹುಕ್ಕಾ ಬುಡಗಳು ಚೆಂಡಿನ ಹಾಗೆ ದುಂಡಗೆ, ಕೆಳಗೆ ಬಳೆಯಂಥ ಆಸರೆ ಇಟ್ಟು ಕೂರಿಸುವಂಥವು. ಗಂಟೆಯ ಆಕಾರ ಚಾಲ್ತಿಗೆ ಬಂದದ್ದು 18ನೇ ಶತಮಾನದಲ್ಲಿ. ಹಾಗಾಗಿ ಬಣಕಲ್‌ನ ಈ ಪಾತ್ರೆಗೆ ತೀರಾ ಹೆಚ್ಚೆಂದರೆ ಮುನ್ನೂರರ ಒಳಗಿನ ಪ್ರಾಯ. ಕಡಿಮೆಯೂ ಇರಬಹುದು, ಯಾಕೆಂದರೆ ಆ ಆಕಾರ ಮುಂದೆಯೂ ನಡೆದುಬಂತು. ನಿಮ್ಮ ಮನೆಯಲ್ಲಿ ಬಿದರಿಯ ಸಿಗರೇಟ್ ಡಬ್ಬಿಯೋ ಆಶ್‌ಟ್ರೇಯೋ ಇದ್ದರೆ ಅದು ಇನ್ನೂ ಈಚಿನದು. 1851ರಲ್ಲಿ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ಬಿದರಿಯನ್ನೂ ಇಟ್ಟಿದ್ದರು. ಬಿಳಿಯರ ಬೇಡಿಕೆಗೆ ತಕ್ಕಂತೆ ಸಾಮಾನಿನ ರೂಪವೂ ಬದಲಾಯಿತು.

ಇನ್ನು ಉಳಿದದ್ದು ಪಾತ್ರೆಗೆ ಗೊತ್ತಿಲ್ಲದ ವಿಷಯ: ಬೀದರ್ ಎಲ್ಲಿ, ಬಣಕಲ್ ಎಲ್ಲಿ? 1956ರ ನವೆಂಬರ್ 1ರ ತನಕ ಅದು ಹೈದರಾಬಾದ್ ರಾಜ್ಯ, ಇದು ಮೈಸೂರು ರಾಜ್ಯ. 19ನೇ ಶತಮಾನದಲ್ಲಿ ಈ ಗುಡ್ಡಗಳಿಗೆ ಬಂದ ಯುರೋಪಿನ ಪ್ಲಾಂಟರ್‌ಗಳ ಸಾಮಾನಿನ ಜೊತೆ ಬಂತೋ, ತೋಟ ಕೈಬದಲಾದಾಗ ಮನೆಯೊಂದಿಗೆ ಉಳಿಯಿತೋ, ಯಾವುದೋ ಮದುವೆಯ ಉಡುಗೊರೆಯೋ? ಇದನ್ನು ಯಾವ ಪ್ರಯೋಗಾಲಯವೂ ಹೇಳಲ್ಲ. ಮನೆಯ ಹಿರಿಯರು ಹೇಳಬೇಕು, ಹಳೇ ಟ್ರಂಕಿನ ಕಾಗದ ಹೇಳಬೇಕು. ಪಾತ್ರೆಯನ್ನು ಮಾರಿದ ದಿನ ಈ ಅರ್ಧ ಇತಿಹಾಸ ಸತ್ತುಹೋಗುತ್ತೆ. ಕೊಂಡವನಿಗೆ ಅದು ಬೇಕಾಗಿಲ್ಲ.

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತು ಪ್ರಾಚ್ಯವಸ್ತು. ಅದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದಿಂದ ಆಚೆ ಕಳಿಸೋ ಹಾಗಿಲ್ಲ. ಬಂದವನ ಹತ್ತಿರ ಲೈಸೆನ್ಸ್ ಕೇಳಿ, ಮುಖದ ಬಣ್ಣ ನೋಡಿ.

ಇನ್ನೊಂದು ಮಾತು ಅಮ್ಮಂದಿರಿಗೆ. ಹಿತ್ತಾಳೆ ದೀಪದ ಹಾಗೆ ಇದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಸತುವನ್ನು ತಿನ್ನುತ್ತೆ, ಆ ಕಪ್ಪೇ ಅದರ ಒಡವೆ. ಮೆತ್ತನೆ ಒಣಬಟ್ಟೆ ಸಾಕು. ಕೈಜಾರಿ ಬೀಳಿಸಬೇಡಿ, ಎರಕದ ಸತು ಒಡೆಯುತ್ತೆ.

ಈ ವಿದ್ಯೆ ಸತ್ತಿಲ್ಲ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಂಥ ಕೈಗೆ ಒಮ್ಮೆ ಪಾತ್ರೆ ತೋರಿಸಿ. ಕೋಟಿ ಬಾಳುತ್ತೋ ಇಲ್ಲವೋ, ನಿಜ ಗೊತ್ತಾಗುತ್ತೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ಅಜ್ಜಿಯನ್ನು ಕೂರಿಸಿಕೊಂಡು, ಈ ಸಾಮಾನು ಯಾರ ಕಾಲದಲ್ಲಿ ಮನೆಗೆ ಬಂತು ಅಂತ ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ. ಲೋಹ ಇನ್ನೂ ನೂರು ವರ್ಷ ಕಾಯುತ್ತೆ. ಅಜ್ಜಿಯ ನೆನಪು ಕಾಯಲ್ಲ.