ಕಾಡುಹಾದಿಗೆ ತಕ್ಕ ಬೈಕು

ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಮಣ್ಣುಹಾದಿಯನ್ನು ಸೇರಲು ಬಹುಮಟ್ಟಿಗೆ ಡಾಂಬರು ರಸ್ತೆಯಲ್ಲೇ ಸಾಗಬೇಕು. ಆದುದರಿಂದ ನಂಬರ್ ಪ್ಲೇಟು, ದೀಪ, ಕನ್ನಡಿ, ಹಾರ್ನುಗಳುಳ್ಳ, ಎರಡೂ ನೆಲಕ್ಕೆ ಒಗ್ಗುವ ಬೈಕು ಅಗತ್ಯ. ಇಲ್ಲಿ ಇದನ್ನು ಡ್ಯುಯಲ್ ಸ್ಪೋರ್ಟ್ ಎನ್ನುತ್ತಾರೆ.

ಹೆದ್ದಾರಿಯ ವೇಗಕ್ಕೆ ಮನಸೋತು ನಾನು ಮೊದಲು 650 ಸಿಸಿಯ ಬೈಕನ್ನು ಕೊಂಡೆ. ಒಂದು ಸಂಜೆ ಮರಳಿನ ಏರಿನಲ್ಲಿ ಅದು ಉರುಳಿ ನನ್ನ ಕಾಲು ಅಡಿಯಲ್ಲಿ ಸಿಲುಕಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಜೊತೆಗೆ ಯಾರೂ ಇರಲಿಲ್ಲ. ಕಾಲನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಕತ್ತಲಾಗಿತ್ತು. ಬಿದ್ದ ಬೈಕನ್ನು ಒಬ್ಬನೇ ಎತ್ತಬಲ್ಲೆನೇ ಎಂಬುದೇ ಮೊದಲ ಪ್ರಶ್ನೆಯಾಗಬೇಕೆಂದು ಅಂದು ತಿಳಿಯಿತು.

ಸುಜುಕಿ ಡಿಆರ್650 ಸುಮಾರು 166 ಕಿಲೋ ತೂಗುತ್ತದೆ. 286 ಸಿಸಿಯ ಹೋಂಡಾ ಸಿಆರ್‌ಎಫ್300ಎಲ್ ಮತ್ತು 292 ಸಿಸಿಯ ಕವಾಸಾಕಿ ಕೆಎಲ್‌ಎಕ್ಸ್300 ಸುಮಾರು 140 ಕಿಲೋದವು. ಕೆಟಿಎಂ 350 ಇಎಕ್ಸ್‌ಸಿ-ಎಫ್ ಇನ್ನೂ ಹಗುರ. ಆದರೆ ಅದರ ಆಸನ ಬಹಳ ಎತ್ತರ, ಎಂಜಿನ್ ಆಯಿಲ್ ಬದಲಿಸುವ ಅವಧಿಯನ್ನು ಓಡಿದ ಗಂಟೆಗಳಲ್ಲಿ ಎಣಿಸಬೇಕು. ಹೊಸಬರಿಗೆ 300 ಸಿಸಿಯ ವರ್ಗವೇ ಲೇಸು.

ಸೈಲೆನ್ಸರಿನಲ್ಲಿ ಕಿಡಿತಡೆ ಇದೆಯೇ ಎಂದು ವಿಚಾರಿಸಿರಿ. ಅದಿಲ್ಲದೆ ರಾಷ್ಟ್ರೀಯ ಅರಣ್ಯಗಳಲ್ಲಿ ಓಡಿಸುವಂತಿಲ್ಲ. ಕೊಳ್ಳುವ ಮುನ್ನ, ಅದೇ ಮಾದರಿಯ ಬೈಕುಳ್ಳ ಸ್ನೇಹಿತರನ್ನು ಒಪ್ಪಿಸಿ, ಹುಲ್ಲಿನ ಮೇಲೆ ಅದನ್ನು ಮಲಗಿಸಿ, ಒಬ್ಬರೇ ಎತ್ತಿ ನೋಡಿರಿ.