ಮೊದಲ ಗುಂಡು ಯಾರದು? ಬಾರಾಖಂಬಾ ರಸ್ತೆಯ ಒಂದು ಪ್ರಕರಣ



ದೆಹಲಿಯಲ್ಲಿರುವ ಕನ್ನಡಿಗರಿಗೆ ಬಾರಾಖಂಬಾ ರಸ್ತೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮಂಡಿ ಹೌಸ್ ಕಡೆಯಿಂದ ಕನಾಟ್ ಪ್ಲೇಸಿಗೆ ಹೋಗುವ ಈ ರಸ್ತೆಯಲ್ಲಿ ಬ್ಯಾಂಕು, ಆಫೀಸು ಅಂತ ಓಡಾಡದವರು ನಮ್ಮಲ್ಲಿ ಕಡಿಮೆ. ಕೆಳಗೆ ಮೆಟ್ರೋ, ಮೇಲೆ ಟ್ರಾಫಿಕ್. ಈ ಗಲಾಟೆಯ ರಸ್ತೆಯಲ್ಲಿ ಹಿಂದೊಮ್ಮೆ ಹಾಡಹಗಲಲ್ಲೇ ಗುಂಡುಗಳು ಹಾರಿದವು. ಆ ಗುಂಡುಗಳ ಬಗ್ಗೆ ಕೋರ್ಟುಗಳಲ್ಲಿ ನಡೆದ ವಾದ 14 ವರ್ಷ ಮುಗಿಯಲಿಲ್ಲ. ಇವತ್ತು ಆ ಕಥೆ ಹೇಳೋಣ. ಕಥೆಗಿಂತ ಅದರೊಳಗಿನ ಒಂದು ಪ್ರಶ್ನೆ ಮುಖ್ಯ: "ನನ್ನ ಜೀವ ಉಳಿಸಿಕೊಳ್ಳಲು ಗುಂಡು ಹೊಡೆದೆ" ಅಂತ ಒಬ್ಬ ಹೇಳಿದರೆ ಅದನ್ನು ನಂಬುವುದು ಹೇಗೆ, ಯಾವಾಗ?

1997ರ ಮಾರ್ಚ್ 31, ಸೋಮವಾರ. ಹಣಕಾಸು ವರ್ಷದ ಕೊನೆಯ ದಿನ. ದೆಹಲಿ ಪೊಲೀಸರ ಕ್ರೈಂ ಬ್ರಾಂಚಿನ ಒಂದು ತಂಡ ಉತ್ತರ ಪ್ರದೇಶದ ಮೊಹಮ್ಮದ್ ಯಾಸೀನ್ ಎಂಬ ಗ್ಯಾಂಗ್‌ಸ್ಟರ್‌ನನ್ನು ಹುಡುಕುತ್ತಿತ್ತು. ತಂಡದ ಮುಖ್ಯಸ್ಥ ಎಸಿಪಿ ಎಸ್. ಎಸ್. ರಾಠಿ. ಉತ್ತರ ಪ್ರದೇಶದ ನಂಬರಿನ ಒಂದು ನೀಲಿ ಮಾರುತಿ ಎಸ್ಟೀಮ್ ಕಾರಿನಲ್ಲಿ ಯಾಸೀನ್ ಇದ್ದಾನೆಂದು ಪೊಲೀಸರು ಅದನ್ನು ಹಿಂಬಾಲಿಸಿದರು. ಮಧ್ಯಾಹ್ನ ಬಾರಾಖಂಬಾ ರಸ್ತೆಯಲ್ಲಿ ಕಾರನ್ನು ಸುತ್ತುವರಿದು ಗುಂಡಿನ ಮಳೆಗರೆದರು.

ಕಾರಿನಲ್ಲಿ ಯಾಸೀನ್ ಇರಲಿಲ್ಲ. ಇದ್ದವರು ಪ್ರದೀಪ್ ಗೋಯಲ್, ಜಗಜೀತ್ ಸಿಂಗ್ ಎಂಬ ಇಬ್ಬರು ವ್ಯಾಪಾರಿಗಳು ಮತ್ತು ಅವರ ಜೊತೆಗೊಬ್ಬ ಯುವಕ. ವ್ಯಾಪಾರಿಗಳಿಬ್ಬರೂ ಸತ್ತರು. ಯುವಕನಿಗೆ ತೀವ್ರ ಗಾಯಗಳಾದವು, ಆದರೆ ಜೀವ ಉಳಿಯಿತು. ಮುಂದೆ ನಡೆದ ವಿಚಾರಣೆಯಲ್ಲಿ ಆ ಒಂದು ಜೀವ ಉಳಿದದ್ದಕ್ಕೆ ಬಹಳ ಬೆಲೆ ಬಂತು. ಕಾರಿನ ಒಳಗೆ ಏನು ನಡೆಯಿತು ಅಂತ ಹೇಳಲು ಒಬ್ಬರಾದರೂ ಇದ್ದರಲ್ಲ.

ಪೊಲೀಸರು ಕೊಟ್ಟ ವಿವರಣೆ ಹೀಗಿತ್ತು: ಮೊದಲು ಗುಂಡು ಹಾರಿದ್ದು ಕಾರಿನ ಒಳಗಿನಿಂದ, ನಾವು ನಮ್ಮ ರಕ್ಷಣೆಗೆ ಹೊಡೆದೆವು. ಕಾರಿನಲ್ಲಿ 7.65 ಎಂ.ಎಂ. ಪಿಸ್ತೂಲೊಂದು ಸಿಕ್ಕಿದೆ ಅಂತಲೂ ಹೇಳಿದರು. ತಂಡದವರಿಗೂ ಗಾಯಗಳಾಗಿದ್ದವು, ಅದನ್ನೂ ಸಾಕ್ಷಿಯಾಗಿ ಮುಂದಿಟ್ಟರು. ಊರಿಗೆ ಊರೇ ಸಿಟ್ಟಿಗೆದ್ದಿತು. ಪೊಲೀಸ್ ಕಮಿಷನರ್ ನಿಖಿಲ್ ಕುಮಾರ್ ಹುದ್ದೆ ಬಿಡಬೇಕಾಯಿತು. ತನಿಖೆ ಸಿಬಿಐ ಕೈಗೆ ಹೋಯಿತು.

ಇಲ್ಲಿ ಸ್ವಲ್ಪ ನಿಂತು, ಆತ್ಮರಕ್ಷಣೆಯ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತದೆ ನೋಡೋಣ.

ಬಹಳ ಜನ ತಿಳಿದಿರುವಂತೆ ನಮ್ಮ ಕಾನೂನು ಕೈಕಟ್ಟಿ ಕೂರು ಅಂತ ಹೇಳುವುದಿಲ್ಲ. 1837ರಲ್ಲಿ ಭಾರತೀಯ ದಂಡ ಸಂಹಿತೆಯ ಕರಡು ಸಿದ್ಧಪಡಿಸಿದ ಮೆಕಾಲೆ ಮತ್ತು ಅವನ ಸಂಗಡಿಗರಿಗೆ, ಈ ದೇಶದ ಜನ ಅನ್ಯಾಯವನ್ನು ತುಂಬಾ ತಾಳಿಕೊಳ್ಳುತ್ತಾರೆ, ಎದುರು ನಿಲ್ಲುವ ಧೈರ್ಯ ಬೆಳೆಸಬೇಕು ಎಂಬ ಅಭಿಪ್ರಾಯವಿತ್ತು. ಆಳುವವರ ದೊಡ್ಡಸ್ತಿಕೆಯ ಮಾತು ಅದು, ಬಿಡಿ. ಆದರೆ ಅದರಿಂದಾಗಿ ಆತ್ಮರಕ್ಷಣೆಯ ಹಕ್ಕು ಸಾಕಷ್ಟು ಧಾರಾಳವಾಗಿಯೇ ಕಾನೂನಿನೊಳಗೆ ಬಂತು. 1860ರಲ್ಲಿ ಪಾಸಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಸಂಹಿತೆಯಲ್ಲಿ ಇದಕ್ಕೆಂದೇ 96ರಿಂದ 106ರವರೆಗೆ ಕಲಮುಗಳಿದ್ದವು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಇದೇ ಮಾತುಗಳು 34ರಿಂದ 44ರವರೆಗಿನ ಕಲಮುಗಳಲ್ಲಿವೆ. ನಂಬರು ಬದಲಾಗಿದೆ, ತಿರುಳು ಅದೇ.

ಆ ತಿರುಳೇನು? ನಿಮ್ಮ ಮೈಮೇಲೆ ಬಂದವನನ್ನು ನೀವು ತಡೆಯಬಹುದು. ಇನ್ನೊಬ್ಬರ ಮೇಲೆ ಬಿದ್ದವನನ್ನೂ ತಡೆಯಬಹುದು. ಜೀವಕ್ಕೇ ಅಪಾಯ ಅನ್ನಿಸಿದರೆ ಎದುರಾಳಿಯ ಜೀವ ಹೋಗುವ ಮಟ್ಟಕ್ಕೂ ಹೋಗಬಹುದು. ಏಟು ಬೀಳುವವರೆಗೆ ಕಾಯಬೇಕಾಗಿಲ್ಲ, ಅಪಾಯದ ನ್ಯಾಯವಾದ ಭಯ ಹುಟ್ಟಿದರೆ ಸಾಕು. ಆದರೆ ಬೇಲಿಯೂ ಇದೆ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ಭಯ ಹೋದ ಮೇಲೆ ಹಕ್ಕೂ ಹೋಗುತ್ತದೆ. ಓಡಿಹೋಗುತ್ತಿರುವವನ ಬೆನ್ನಿಗೆ ಸೇಡಿಗಾಗಿ ಗುಂಡು ಹೊಡೆದು ಇದನ್ನು ಹೇಳಿಕೊಳ್ಳಲು ಬರುವುದಿಲ್ಲ. ನಮ್ಮ ಕೊಡಗಿನವರಿಗೆ ಕೋವಿ ಹೊಸದಲ್ಲ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಹಾರಿಸುವ ಹಕ್ಕು ಬೇರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ಯಾರು ಸಾಬೀತು ಮಾಡಬೇಕು ಎಂಬ ಮಾತು. ಇದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. 2012ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಹುಡುಗನನ್ನು ಜಾರ್ಜ್ ಜಿಮ್ಮರ್‌ಮನ್ ಗುಂಡಿಟ್ಟು ಕೊಂದ ಪ್ರಕರಣ ನಿಮಗೆ ನೆನಪಿರಬಹುದು. ಅಲ್ಲಿ ಆತ್ಮರಕ್ಷಣೆಯಲ್ಲ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವ ಹೊಣೆ ಸರ್ಕಾರಿ ವಕೀಲರದು. 2013ರ ಜುಲೈನಲ್ಲಿ ಜ್ಯೂರಿ ಆತನನ್ನು ಬಿಟ್ಟಿತು. ನಮ್ಮಲ್ಲಿ ಹಾಗಲ್ಲ. ಕೊಲೆಯ ಆರೋಪವನ್ನು ಸಾಬೀತು ಮಾಡುವುದು ಸರ್ಕಾರದ ಕೆಲಸವೇ. ಆದರೆ "ಆತ್ಮರಕ್ಷಣೆಗೆ ಹೊಡೆದೆ" ಅನ್ನುವವನು ಅದನ್ನು ತೋರಿಸಿಕೊಡಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 105ನೇ ಕಲಮು ಹೇಳುತ್ತಿದ್ದದ್ದು ಇದನ್ನೇ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮು ಹೇಳುವುದೂ ಇದನ್ನೇ. ಹಾಗಂತ ಆರೋಪಿಯ ಮೇಲಿನ ಹೊರೆ ದೊಡ್ಡದಲ್ಲ. "ಹೀಗೆ ನಡೆದಿರುವ ಸಂಭವವೇ ಹೆಚ್ಚು" ಅಂತ ಕೋರ್ಟಿಗೆ ಅನ್ನಿಸಿದರೆ ಸಾಕು. ಪ್ರಾಣಭಯದಲ್ಲಿದ್ದವನ ಪ್ರತಿ ಏಟನ್ನೂ ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಬಾರದು ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ.

ಹೀಗೆ ತೂಗಿದ ಒಂದು ಹಳೆಯ ಉದಾಹರಣೆ ಗುಜರಾತಿನದು. ಬಾರಾಖಂಬಾ ಪ್ರಕರಣಕ್ಕೆ ಕನ್ನಡಿ ಹಿಡಿದಂತಿದೆ. ಅಲ್ಲಿ ಗುಂಡು ಹಾರಿಸಿದವನು ಕಾರಿನ ಒಳಗಿದ್ದ, ಅಡ್ಡಗಟ್ಟಿದವರು ಹೊರಗಿದ್ದರು. ಅವನು ರಿವಾಲ್ವರಿನಿಂದ ಮೂರು ಗುಂಡು ಹಾರಿಸಿದ, ಒಬ್ಬ ಸತ್ತ. 1980ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ರಕ್ಷಣೆಯ ಹಕ್ಕೇ ಇರಲಿಲ್ಲ ಅನ್ನಲಿಲ್ಲ, ಹಕ್ಕನ್ನು ಮೀರಿದ ಅಂದಿತು. ಕೊಲೆಯಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ. ಹಕ್ಕು ಇದ್ದು ಮೀರುವುದಕ್ಕೂ, ಹಕ್ಕೇ ಇಲ್ಲದೆ ಕೊಲ್ಲುವುದಕ್ಕೂ ಕಾನೂನು ವ್ಯತ್ಯಾಸ ನೋಡುತ್ತದೆ ಅನ್ನುವುದನ್ನು ನೆನಪಿಡಿ.

ಈಗ ಮತ್ತೆ ಬಾರಾಖಂಬಾ ರಸ್ತೆಗೆ ಬರೋಣ.

ಈ ಕಥೆಯಲ್ಲಿ ನಮ್ಮವರೊಬ್ಬರ ಪಾತ್ರವೂ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. 1993-94ರಲ್ಲಿ ದೇಶದ ಮುಖ್ಯ ನ್ಯಾಯಾಧೀಶರಾಗಿದ್ದವರು. ಆಂಧ್ರದ ಎನ್‌ಕೌಂಟರುಗಳ ಬಗ್ಗೆ ಬಂದ ದೂರುಗಳನ್ನು ಆಯೋಗ 1996ರಲ್ಲಿ ವಿಚಾರಿಸಿತ್ತು. ಅದರ ಆಧಾರದ ಮೇಲೆ ಅವರು ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಒಂದು ಪತ್ರ ಬರೆದರು. ಅದರ ಸಾರ ಇಷ್ಟು: ಪೊಲೀಸರಿಗೆ ಕೊಲ್ಲುವ ವಿಶೇಷ ಹಕ್ಕು ಅಂತ ಯಾವುದೂ ಇಲ್ಲ. ಸಾಮಾನ್ಯ ಪ್ರಜೆಗೆ ಇರುವ ಆತ್ಮರಕ್ಷಣೆಯ ಹಕ್ಕೇ ಅವರಿಗೂ. ಇನ್ನೊಂದು, ಮರಣದಂಡನೆಗೋ ಜೀವಾವಧಿಗೋ ಗುರಿಯಾಗುವಂಥ ಅಪರಾಧದ ಆರೋಪಿಯನ್ನು ಬಂಧಿಸುವಾಗ ಅನಿವಾರ್ಯವಾದ ಬಲಪ್ರಯೋಗ. ಇವೆರಡರ ಹೊರಗೆ ಸಾವಾದರೆ ಅದು ಅಪರಾಧವೇ. ಒಳಗೋ ಹೊರಗೋ ಅನ್ನುವುದು ತನಿಖೆಯಿಂದ ಗೊತ್ತಾಗಬೇಕು. ಗುಂಡು ಹೊಡೆದ ಠಾಣೆಯವರೇ ಆ ತನಿಖೆ ಮಾಡಕೂಡದು.

ಆ ಪತ್ರದ ತಾರೀಖು ನೋಡಿ: 1997ರ ಮಾರ್ಚ್ 29. ಗುಂಡು ಹಾರಿದ್ದು ಮಾರ್ಚ್ 31. ಎರಡೇ ದಿನ! ಪತ್ರದ ಮಸಿ ಒಣಗುವ ಮೊದಲೇ ಅದು ಎಷ್ಟು ಬೇಕಾಗಿತ್ತು ಅನ್ನುವುದನ್ನು ರಾಜಧಾನಿಯ ನಡುಬೀದಿಯೇ ತೋರಿಸಿಬಿಟ್ಟಿತು.

ವಿಚಾರಣೆ ಹತ್ತು ವರ್ಷ ನಡೆಯಿತು. 2007ರ ಅಕ್ಟೋಬರ್ 16ರಂದು ದೆಹಲಿಯ ಸೆಷನ್ಸ್ ನ್ಯಾಯಾಲಯ ರಾಠಿ ಸೇರಿ ಹತ್ತು ಮಂದಿ ಪೊಲೀಸರನ್ನು ಕೊಲೆಯ ಅಪರಾಧಿಗಳೆಂದು ತೀರ್ಪು ಕೊಟ್ಟಿತು. ಅದೇ ತಿಂಗಳ 24ಕ್ಕೆ ಜೀವಾವಧಿ ಶಿಕ್ಷೆ ವಿಧಿಸಿತು. 2009ರ ಸೆಪ್ಟೆಂಬರಿನಲ್ಲಿ ಹೈಕೋರ್ಟು, 2011ರ ಮೇ 2ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದವು. ಸುಪ್ರೀಂ ಕೋರ್ಟಿನ ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಹರ್ಜಿತ್ ಸಿಂಗ್ ಬೇಡಿ ಮತ್ತು ಚಂದ್ರಮೌಳಿ ಕುಮಾರ್ ಪ್ರಸಾದ್.

ಆತ್ಮರಕ್ಷಣೆಯ ವಾದ ಬಿದ್ದದ್ದು ಎಲ್ಲಿ? ಪಿಸ್ತೂಲಿನಲ್ಲಿ. ಕಾರಿನಿಂದ ಗುಂಡು ಹಾರಿತು ಅನ್ನುವುದನ್ನು ಕೋರ್ಟು ಒಪ್ಪಲಿಲ್ಲ. ಪಿಸ್ತೂಲನ್ನು ಆಮೇಲೆ ಅಲ್ಲಿ ತಂದಿಟ್ಟದ್ದು ಎಂಬ ತೀರ್ಮಾನ ಬಂತು. ಯೋಚಿಸಿ ನೋಡಿ, ನಿಜವಾಗಿ ಎದುರಿನವನು ಗುಂಡು ಹಾರಿಸಿದ್ದರೆ ಪಿಸ್ತೂಲು ತಂದಿಡುವ ಅಗತ್ಯವೇನಿತ್ತು? ಆತ್ಮರಕ್ಷಣೆಯನ್ನು ಸಾಬೀತು ಮಾಡಲು ಇಟ್ಟ ವಸ್ತುವೇ ಅದನ್ನು ಮುಳುಗಿಸಿತು.

ಇನ್ನೊಂದು ವಾದವೂ ಇತ್ತು. ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರ ಸದ್ಭಾವನೆಯಿಂದ ಅಧಿಕಾರ ಮೀರಿದರೆ ಅದು ಕೊಲೆಯಾಗುವುದಿಲ್ಲ ಎಂಬ ವಿನಾಯಿತಿ ಕಾನೂನಿನಲ್ಲಿದೆ. ಜನ ತಪ್ಪಿದ್ದು ನಿಜ, ಮನಸ್ಸು ತಪ್ಪಿರಲಿಲ್ಲ ಅನ್ನುವ ವಾದ. ಮನುಷ್ಯರಾದ ಮೇಲೆ ನಮಗೂ ಇದು ಸ್ವಲ್ಪ ತಾಗುತ್ತದೆ. ಅಪಾಯಕಾರಿ ಗ್ಯಾಂಗ್‌ಸ್ಟರ್‌ನ ಬೆನ್ನು ಹತ್ತಿದ ಪೊಲೀಸರಿಗೆ ಎದೆ ಹೊಡೆದುಕೊಂಡಿರುವುದಿಲ್ಲವೇ? ಒಂದು ಕ್ಷಣ ತಡವಾದರೆ ಸಾಯುವವರು ಅವರೇ ಆಗಬಹುದಿತ್ತಲ್ಲ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಪೊಲೀಸರು ದಿನವೂ ಜೀವ ಒತ್ತೆಯಿಟ್ಟು ಕೆಲಸ ಮಾಡುತ್ತಾರೆ ಅನ್ನುವುದು ಸುಳ್ಳಲ್ಲ.

ಆದರೆ ಕಾನೂನಿನಲ್ಲಿ ಸದ್ಭಾವನೆ ಅಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ. ತಕ್ಕ ಎಚ್ಚರ, ಜಾಗ್ರತೆ ಇಲ್ಲದೆ ಮಾಡಿದ್ದು ಸದ್ಭಾವನೆ ಆಗುವುದಿಲ್ಲ ಅಂತ ದಂಡ ಸಂಹಿತೆಯೇ ಹೇಳಿತ್ತು. ಕಾರನ್ನು ಹಿಂಬಾಲಿಸುವಷ್ಟು ಸಮಯವಿದ್ದವರಿಗೆ, ಒಳಗಿರುವವನು ಯಾಸೀನ್ ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳಲು ಸಮಯವಿರಲಿಲ್ಲವೇ? ಅಷ್ಟೇ ಅಲ್ಲ, ಒಳಗಿದ್ದವನು ಯಾಸೀನನೇ ಆಗಿದ್ದಿದ್ದರೂ ಅವನು ಗುಂಡು ಹಾರಿಸದಿದ್ದರೆ ಹೀಗೆ ಕೊಲ್ಲಲು ಹಕ್ಕು ಎಲ್ಲಿಂದ ಬರುತ್ತಿತ್ತು? ನಾವು ಈ ಪ್ರಕರಣವನ್ನು "ತಪ್ಪು ಆಳನ್ನು ಕೊಂದರು" ಅಂತ ನೆನಪಿಡುತ್ತೇವೆ. ಸರಿಯಾದ ಆಳು ಸತ್ತಿದ್ದರೆ ಚಪ್ಪಾಳೆ ಬೀಳುತ್ತಿತ್ತೋ ಏನೋ. ಕಾನೂನಿಗೆ ಮಾತ್ರ ಆಳು ಯಾರು ಅನ್ನುವುದಕ್ಕಿಂತ ಅಪಾಯ ಇತ್ತೇ ಅನ್ನುವುದೇ ಮೊದಲ ಪ್ರಶ್ನೆ.

"ಮೇಲಿನವರ ಅಪ್ಪಣೆಯಂತೆ ನಡೆದೆವು" ಅನ್ನುವ ಮಾತಿಗೂ ಅದೇ ತಿಂಗಳು ಉತ್ತರ ಬಂತು. 2011ರ ಮೇ 13ರಂದು ಮುಂಬೈ ಪೊಲೀಸರ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡನೇ ಮಹಾಯುದ್ಧದ ನಂತರದ ನ್ಯೂರೆಂಬರ್ಗ್ ವಿಚಾರಣೆಗಳನ್ನು ನೆನಪಿಸಿ, ಅಕ್ರಮ ಅಪ್ಪಣೆಯನ್ನು ಪಾಲಿಸುವುದು ಕರ್ತವ್ಯವಲ್ಲ ಅಂದಿತು. ಮುಂದೆ 2014ರ ಸೆಪ್ಟೆಂಬರ್ 23ರಂದು ಎನ್‌ಕೌಂಟರ್ ಸಾವುಗಳ ತನಿಖೆಗೆ 16 ಸೂತ್ರಗಳನ್ನು ಹಾಕಿಕೊಟ್ಟಿತು. ಸ್ವತಂತ್ರ ತನಿಖೆ ಬೇಕು ಅಂತ 1997ರಲ್ಲಿ ವೆಂಕಟಾಚಲಯ್ಯನವರ ಪತ್ರ ಹೇಳಿದ್ದು ಈ ಸೂತ್ರಗಳಲ್ಲೂ ಇದೆ.

ಮಿತ್ರರೇ, ಟೀವಿಯಲ್ಲೋ ಪೇಪರಿನಲ್ಲೋ "ಆತ್ಮರಕ್ಷಣೆಗಾಗಿ ಗುಂಡು" ಅನ್ನುವ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಎರಡು ಪಕ್ಷವಾಗುತ್ತದೆ. ಸತ್ತವನು ಎಂಥವನು ಅನ್ನುವುದರ ಮೇಲೆ ಜಗಳ ಶುರುವಾಗುತ್ತದೆ. ಮುಂದಿನ ಸಲ ಅದನ್ನು ಪಕ್ಕಕ್ಕಿಟ್ಟು ಮೂರೇ ಪ್ರಶ್ನೆ ಕೇಳಿ. ಆ ಕ್ಷಣದಲ್ಲಿ ಅಪಾಯ ಇತ್ತೆಂದು ನಂಬಲು ಕಾರಣವೇನಿತ್ತು? ತಡೆಯಲು ಅಷ್ಟು ಬೇಕಾಗಿತ್ತೇ? ಆಮೇಲೆ ಅವರು ಹೇಳಿದ್ದಕ್ಕೂ ಸ್ಥಳದಲ್ಲಿ ಸಿಕ್ಕಿದ್ದಕ್ಕೂ ಹೊಂದಾಣಿಕೆ ಆಗುತ್ತದೆಯೇ? ಗುಂಡು ಹೊಡೆದವನು ಪೊಲೀಸನಾಗಲಿ, ಮನೆಗೆ ನುಗ್ಗಿದ ಕಳ್ಳನನ್ನು ಎದುರಿಸಿದ ಯಜಮಾನನಾಗಲಿ, ಪ್ರಶ್ನೆಗಳು ಇವೇ. ಈ ಹಕ್ಕು ನಮ್ಮೆಲ್ಲರದು. ಸುಳ್ಳು ಹೇಳಿ ಬಳಸಿಕೊಂಡವರಿಗೆ ಅದನ್ನು ಬಿಟ್ಟುಕೊಟ್ಟರೆ, ನಾಳೆ ನಿಜವಾಗಿ ಜೀವ ಉಳಿಸಿಕೊಂಡವನ ಮಾತನ್ನು ನಂಬುವವರು ಯಾರೂ ಇರುವುದಿಲ್ಲ.

ನಿಮ್ಮ ಅಭಿಪ್ರಾಯ ಬರೆದು ತಿಳಿಸಿ. ಮತ್ತೆ ಭೇಟಿಯಾಗೋಣ.