ಜರ್ಮನ್ ದವಾಖಾನೆಯಿಂದ ಜರ್ಮನಿಗೆ

ಹೋದ ವರ್ಷ ಅವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಪುಣೆಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇದ್ದೆವು. ಅವ್ವನಿಗೆ ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಎರಡನೇ ರಾತ್ರಿ ಡ್ಯೂಟಿಗೆ ಬಂದ ನರ್ಸ್ "ಅಜ್ಜಿ, ನೋವು ಜಾಸ್ತಿ ಇದೆಯಾ?" ಎಂದು ಕೇಳಿದಾಗ ಅವ್ವ ಎದ್ದು ಕೂಡುವುದೊಂದು ಬಾಕಿ. ಹುಡುಗಿ ಕೊಟ್ಟಾಯಂ ಕಡೆಯವಳು. ಓದಿದ್ದು ಬೆಂಗಳೂರಿನಲ್ಲಿ, ಕನ್ನಡ ಕಲಿತದ್ದು ಅಲ್ಲಿನ ವಾರ್ಡುಗಳಲ್ಲಿ. ನಡುರಾತ್ರಿ ಕೆಲಸ ಹಗುರಾದಾಗ ಮೇಜಿನ ಮೇಲೆ ಜರ್ಮನ್ ವ್ಯಾಕರಣದ ಪುಸ್ತಕ ತೆರೆದು ಕೂರುತ್ತಿದ್ದಳು. ಬಿ1 ಪರೀಕ್ಷೆ ಪಾಸಾದರೆ ಜರ್ಮನಿಯ ಆಸ್ಪತ್ರೆಗೆ ಹೋಗುವ ಲೆಕ್ಕ ಅವಳದು.

"ಜರ್ಮನ್ ದವಾಖಾನಿ ನಮ್ಮೂರಾಗ ಐತೆವ್ವಾ" ಎಂದು ಅವ್ವ ನಕ್ಕಳು. ಆಮೇಲೆ ಯಾಕೋ ಸುಮ್ಮನಾದಳು.

ಗದಗ-ಬೆಟಗೇರಿಯವರಿಗೆ ಇದನ್ನು ವಿವರಿಸಬೇಕಿಲ್ಲ. 20ನೇ ಶತಮಾನದ ಆರಂಭದಲ್ಲಿ ಬಾಸೆಲ್ ಮಿಷನ್ ಬೆಟಗೇರಿಯಲ್ಲಿ ಕಟ್ಟಿದ ಆಸ್ಪತ್ರೆ ಇವತ್ತು ಸಿ.ಎಸ್.ಐ. ಆಸ್ಪತ್ರೆ. ಜನರ ಬಾಯಲ್ಲಿ ಮಾತ್ರ ಅದಿನ್ನೂ ಜರ್ಮನ್ ದವಾಖಾನೆ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಮಿಷನರಿಗಳು ಆಡುತ್ತಿದ್ದುದು ಜರ್ಮನ್. ರೋಗಿಗಳ ಆರೈಕೆಗೆಂದು ಅವರು ಗದಗದವರೆಗೆ ಬಂದ ಕಾಲವೊಂದಿತ್ತು. ಈಗ ಅದೇ ಕೆಲಸಕ್ಕೆ ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದಾರೆ. ದಾರಿ ತಿರುಗಿದ್ದು ಹೇಗೆ ಎಂದು ಆ ರಾತ್ರಿಗಳಲ್ಲಿ ಓದತೊಡಗಿದೆ.

ಈ ವೃತ್ತಿ ನಮ್ಮಲ್ಲಿ ಬೇರೂರಿದ್ದೇ ಊರು ಬಿಟ್ಟು ಬಂದವರಿಂದ. 1888ರಲ್ಲಿ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಮುಂಬೈ ಬಂದರಿನಲ್ಲಿ ಇಳಿದರು. ಕ್ಯಾಥರೀನ್ ಗ್ರೇಸ್ ಲಾಕ್ ಜೊತೆಗಿದ್ದವರು ರಾವಲ್ಪಿಂಡಿಗೆ, ಉಳಿದವರು ಬೆಂಗಳೂರಿಗೆ ಹೋದರು. ಅವರ ಕೆಲಸ ಬ್ರಿಟಿಷ್ ಸೈನಿಕರ ಆಸ್ಪತ್ರೆಗಳಲ್ಲಿ. ಇಂದಿನ ಮಿಲಿಟರಿ ನರ್ಸಿಂಗ್ ಸರ್ವಿಸ್ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದಲೇ. 1891ರಲ್ಲಿ ಬಾಯಿ ಕಾಶೀಬಾಯಿ ಗಣಪತ್ ತರಬೇತಿಗೆ ಸೇರಿದರು. ನರ್ಸಿಂಗ್ ಪಠ್ಯಪುಸ್ತಕಗಳು ಆಕೆಯನ್ನು ಮೊದಲ ಭಾರತೀಯ ನರ್ಸ್ ಎಂದು ಗುರುತಿಸುತ್ತವೆ.

ಆಕೆಯ ಹಿಂದೆ ಹೆಚ್ಚು ಜನ ಬರಲಿಲ್ಲ. ಪರಪುರುಷರ ಮೈ ಮುಟ್ಟುವುದು, ಮಲಮೂತ್ರ ಬಳಿಯುವುದು, ರಾತ್ರಿ ಮನೆಯ ಹೊರಗಿರುವುದು: ಮೂರೂ 'ಮರ್ಯಾದಸ್ಥ' ಮನೆಗಳಿಗೆ ಒಗ್ಗದ ಮಾತು. 1946ರ ಭೋರ್ ಸಮಿತಿಯ ವರದಿ ಕೊಟ್ಟ ಲೆಕ್ಕ ನೋಡಿ: 6,300 ಜನರಿಗೆ ಒಬ್ಬ ಡಾಕ್ಟರು, 43,000 ಜನರಿಗೆ ಒಬ್ಬ ನರ್ಸ್. ಡಾಕ್ಟರಿಗಿಂತ ನರ್ಸುಗಳೇ ಕಡಿಮೆ ಇದ್ದ ದೇಶ ನಮ್ಮದು.

ಆ ಖಾಲಿ ಜಾಗ ತುಂಬಲು ಮುಂದೆ ಬಂದವರಲ್ಲಿ ಕೇರಳದ ಕ್ರೈಸ್ತ ಹುಡುಗಿಯರೇ ಬಹಳ. ಮಿಷನ್ ಆಸ್ಪತ್ರೆಗಳ ಪರಿಚಯ, ಹೆಣ್ಣುಮಕ್ಕಳ ಓದು, ಮನೆಯ ಬಡತನ ಮೂರೂ ಸೇರಿ ಅವರನ್ನು ದೆಹಲಿ, ಮುಂಬೈಗಳ ವಾರ್ಡುಗಳಿಗೆ ಕಳಿಸಿದವು. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಮೂಲಕ ಪಶ್ಚಿಮ ಜರ್ಮನಿಗೂ ಹೋದರು. 1965ರ ಹೊಸ ವಲಸೆ ಕಾನೂನು ಅಮೆರಿಕದ ಬಾಗಿಲು ತೆರೆಯಿತು. 1970ರ ದಶಕದಲ್ಲಿ ತೈಲದ ಹಣ ಕೊಲ್ಲಿ ದೇಶಗಳಲ್ಲಿ ಆಸ್ಪತ್ರೆಗಳನ್ನು ಎಬ್ಬಿಸಿತು.

ಜರ್ಮನಿಗೆ ಹೋದವರ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಅವರು ಮದುವೆಯಾಗಿ ಗಂಡನನ್ನು ಕರೆಸಿಕೊಂಡರೆ, ಆತನಿಗೆ ಮೊದಲ ಕೆಲವು ವರ್ಷ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ, ಗಂಡ ಮನೆಯಲ್ಲಿ ಮಕ್ಕಳೊಂದಿಗೆ. 2009ರಲ್ಲಿ ನಾನು ಅಮೆರಿಕಕ್ಕೆ ಆನ್‌ಸೈಟ್ ಹೋದಾಗ ಎಚ್-4 ವೀಸಾದ ಮೇಲೆ ನನ್ನ ಹೆಂಡತಿ ಹೀಗೆಯೇ ಕೂತಿದ್ದಳು. ಅದನ್ನು ನಾವಾಗ ತ್ಯಾಗ ಎಂದುಕೊಳ್ಳಲಿಲ್ಲ, ಸಹಜ ಎಂದುಕೊಂಡೆವು. ಊರಿನಲ್ಲಿ ನನಗೆ ಶಾಲು ಹೊದಿಸಿದ್ದರು.

ನರ್ಸುಗಳಿಗೆ ಶಾಲು ಹೊದಿಸಿದವರು ಕಡಿಮೆ. 1970ರ ದಶಕದ ಕೊನೆಗೆ ಜರ್ಮನಿಯಲ್ಲಿ ಕೆಲಸ ಕಡಿಮೆಯಾದಾಗ ಹಲವರ ಪರವಾನಗಿ ನವೀಕರಿಸದೆ ವಾಪಸು ಹೋಗಿ ಎಂದರು. 2014ರಲ್ಲಿ ಇರಾಕಿನ ಟಿಕ್ರಿತ್‌ನಲ್ಲಿ ಸಿಕ್ಕಿಬಿದ್ದ 46 ನರ್ಸುಗಳು ಪ್ರಾಣ ಉಳಿಸಿಕೊಂಡು ಕೊಚ್ಚಿಯಲ್ಲಿ ಇಳಿದರು. ಅವರಲ್ಲಿ ಅನೇಕರ ತಲೆಯ ಮೇಲೆ ಓದಿನ ಸಾಲ, ಏಜೆಂಟರ ಸಾಲ ಹಾಗೆಯೇ ಇತ್ತು. 2021ರಲ್ಲಿ ಕೇರಳದ ನೋರ್ಕಾ ಸಂಸ್ಥೆ ಜರ್ಮನಿಯ ಉದ್ಯೋಗ ಇಲಾಖೆಯೊಡನೆ ನೇರ ಒಪ್ಪಂದ ಮಾಡಿಕೊಂಡಿತು. ಅಭ್ಯರ್ಥಿಗಳು ಏಜೆಂಟರಿಗೆ ಹಣ ತೆರಬೇಕಿಲ್ಲ ಎಂಬುದೇ ಅದರ ದೊಡ್ಡ ಗುಣ. ನಮ್ಮ ಹುಡುಗಿಯ ವ್ಯಾಕರಣ ಪುಸ್ತಕದ ಹಿಂದಿನ ಕಥೆ ಇಷ್ಟು ಉದ್ದದ್ದು.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಆಗ ಅವ್ವ ಆ ದಿನ ಸುಮ್ಮನಾದದ್ದು ಏಕೆಂದು ತಿಳಿಯಿತು. "ನಿಮ್ಮತ್ತಿ ಎಸ್ಸೆಸ್ಸೆಲ್ಸಿ ಪಾಸಾದಾಗ ಜರ್ಮನ್ ದವಾಖಾನಿ ಸಿಸ್ಟರ್‌ನ ನೋಡಿ, ನಾನೂ ನರ್ಸ್ ಆಗ್ತೀನಿ ಅಂತ ಫಾರ್ಮ್ ತಂದಿದ್ಲು. ನಿಮ್ಮಜ್ಜ ಅದನ್ನ ಹರಿದು ಒಲಿಗೆ ಹಾಕಿದ್ರು."

ನನಗೆ ಗೊತ್ತಿರುವ ಅತ್ತೆ, ಲಕ್ವ ಹೊಡೆದ ಅದೇ ಅಜ್ಜನನ್ನು ಆರು ವರ್ಷ ಮೈ ಒರೆಸಿ, ಮಗ್ಗುಲು ಬದಲಿಸಿ ನೋಡಿಕೊಂಡವಳು. ಅಜ್ಜನ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಾಗಲಿಲ್ಲ ಎಂದು ಡಾಕ್ಟರು ಬೆರಗಾಗಿದ್ದರು. ಮಾಡಬಾರದು ಎಂದಿದ್ದ ಕೆಲಸವನ್ನೇ ಮನೆ ಆಕೆಯಿಂದ ಮಾಡಿಸಿಕೊಂಡಿತು. ಸಂಬಳವಿಲ್ಲದೆ.

ಕೆಲವು ತಿಂಗಳ ಮೇಲೆ ಹುಡುಗಿ ಬಿ1 ಪಾಸಾದ ಸುದ್ದಿ ಬಂತು. "ನಿಮ್ಮತ್ತಿಗೂ ಫೋನ್ ಮಾಡಿ ಹೇಳು" ಎಂದಳು ಅವ್ವ. ಮಾಡಿದೆ. ಎಪ್ಪತ್ತರ ಅತ್ತೆ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದಳು: "ಪಗಾರ ಎಷ್ಟಂತ?"